ತೂಗಿ ನೋಡುವುದೂ ಸಾಕುವವನ ಧರ್ಮ

ಮೂಕಪ್ರಾಣಿಯೊಂದನ್ನು ಮನೆಗೆ ತಂದು, ಹೊತ್ತುಹೊತ್ತಿಗೆ ಮೇವುನೀರು ಇಕ್ಕಿದೊಡನೆ ಹೊಣೆ ತೀರಿತೆಂದು ಭಾವಿಸುವವರು ನಮ್ಮಲ್ಲಿ ಅನೇಕರುಂಟು. ದನಕರು, ಕುರಿಮೇಕೆಗಳ ನಡುವೆಯೇ ಹುಟ್ಟಿ ಬೆಳೆದ ಕಂಪ್ಲಿ, ಹೊಸಪೇಟೆ, ಸಂಡೂರು ಸೀಮೆಯ ಜನಕ್ಕೆ ಪಶುಪಾಲನೆಯನ್ನು ಹೊರಗಿನವರು ಬಂದು ಕಲಿಸಬೇಕಾದುದಿಲ್ಲ, ದಿಟ; ಆದರೆ ಮಕ್ಕಳ ಹಟಕ್ಕೆ ಮಣಿದು ನಗರದ ಅಂಗಡಿಗಳಿಂದ ತರುವ ಗಿನಿಪಿಗ್ ಎಂಬ ಪುಟ್ಟ ಜೀವಿಯ ವಿಷಯದಲ್ಲಿ ನಮ್ಮ ಆ ಪರಂಪರಾಗತ ಜ್ಞಾನವೊಂದೇ ಸಾಲದು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳ ತಂಪಿನಲ್ಲಿ ಸಹಸ್ರಾರು ವರ್ಷಗಳ ಹಿಂದೆಯೇ ಮನುಷ್ಯನ ಒಡನಾಡಿಯಾದ ಈ ಪ್ರಾಣಿಯ ದೇಹಧರ್ಮವೇ ಬೇರೆ, ಅದಕ್ಕೆ ಬರುವ ವ್ಯಾಧಿಗಳ ರೀತಿಯೇ ಬೇರೆ. ಆದುದರಿಂದ, ಇದನ್ನು ಸಾಕುವ ಪ್ರತಿಯೊಂದು ಮನೆಯಲ್ಲಿಯೂ ವಾರಕ್ಕೊಮ್ಮೆ ಅದನ್ನು ತೂಗಿ, ತೂಕವನ್ನು ಬರೆದಿಡುವ ಪದ್ಧತಿ ಇರಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಪ್ರಾಣಿ ಸೊರಗಿದರೆ ಕಣ್ಣಿಗೆ ಕಾಣುವುದಿಲ್ಲವೇ ಎಂದು ಕೆಲವರು ಕೇಳಬಹುದು. ಕಾಣುವುದಿಲ್ಲ. ಹದ್ದು, ನರಿಗಳಂತಹ ಬೇಟೆಗಾರ ಪ್ರಾಣಿಗಳಿಗೆ ಆಹಾರವಾಗುತ್ತ ಬಂದ ಕುಲದಲ್ಲಿ ಹುಟ್ಟಿದ ಜೀವಿ, ತನ್ನ ದೌರ್ಬಲ್ಯವನ್ನು ಹೊರಗೆ ತೋರಗೊಡದಿರುವುದನ್ನು ಸ್ವಭಾವದಿಂದಲೇ ಕಲಿತಿರುತ್ತದೆ. ಅದರ ಮೇಲೆ ದಟ್ಟವಾದ ರೋಮ ಮೈಯ ಕಾರ್ಶ್ಯವನ್ನು ಮುಚ್ಚುತ್ತದೆ. ಮೆಟ್ರಿಯ ಪರಿಚಿತರೊಬ್ಬರ ಮನೆಯಲ್ಲಿ ಒಂದೇ ಗೂಡಿನಲ್ಲಿ ಇಟ್ಟಿದ್ದ ಜೋಡಿಯೊಂದನ್ನು ನಾನು ಕಂಡಿದ್ದೆ. ಎರಡೂ ನೋಟಕ್ಕೆ ದುಂಡಗೆ, ಚೆಲುವಾಗಿಯೇ ಇದ್ದವು. ಅಂದು ಬಂದಿದ್ದ ಕುರಿಗಾರ ಹಿರಿಯರೊಬ್ಬರು ಅವುಗಳಲ್ಲೊಂದನ್ನು ಎತ್ತಿಕೊಂಡು, ರೋಮದೊಳಗೆ ಹೆಬ್ಬೆರಳನ್ನು ತೂರಿಸಿ ಬೆನ್ನಗುಂಟ ಮೆಲ್ಲಗೆ ಒತ್ತುತ್ತ ಹೋಗಿ, "ಇದು ಬಡವಾಗೈತ್ರಿ, ಎಲುಬು ಕೈಗೆ ಹತ್ತತೈತಿ" ಎಂದರು. ಬಳ್ಳಾರಿ ಕುರಿಯ ಉಣ್ಣೆಯ ಕೆಳಗಿನ ಮಾಂಸವನ್ನು ಬೆರಳಿನಿಂದಲೇ ಅಳೆಯಬಲ್ಲ ಆ ಕೈ ತಪ್ಪಿರಲಿಲ್ಲ; ಬಲವಾದ ಪ್ರಾಣಿ ಮೇವಿನ ಬಟ್ಟಲನ್ನು ಆಕ್ರಮಿಸಿಕೊಂಡು ಮತ್ತೊಂದನ್ನು ಹತ್ತಿರ ಸೇರಗೊಡುತ್ತಿರಲಿಲ್ಲವೆಂಬುದು ಕಾದು ನೋಡಿದ ಮೇಲೆ ತಿಳಿಯಿತು. ಬಟ್ಟಲುಗಳನ್ನು ಬೇರೆಬೇರೆ ಮೂಲೆಗಳಲ್ಲಿಟ್ಟುದೇ ಅಲ್ಲಿ ಚಿಕಿತ್ಸೆಯಾಯಿತು. ಆದರೆ ಎಲುಬು ಕೈಗೆ ಹತ್ತುವ ವೇಳೆಗೆ ಪ್ರಾಣಿ ಬಹಳಷ್ಟನ್ನು ಕಳೆದುಕೊಂಡಿರುತ್ತದೆ. ಕೈಗಿಂತ ಮೊದಲೇ ಹೇಳಬಲ್ಲುದು ತಕ್ಕಡಿ.

ತೂಗುವ ಕ್ರಮದಲ್ಲಿ ಕಷ್ಟವೇನೂ ಇಲ್ಲ. ಗ್ರಾಂ ಲೆಕ್ಕವನ್ನು ತೋರಿಸುವ, ಅಡುಗೆಮನೆಯಲ್ಲಿ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಅದರ ಮೇಲೆ ಬಟ್ಟೆ ಹಾಸಿದ ಅಗಲವಾದ ಬುಟ್ಟಿಯನ್ನಿಟ್ಟು, ಬುಟ್ಟಿಯ ಭಾರವನ್ನು ಸೊನ್ನೆ ಮಾಡಿಕೊಂಡು, ಪ್ರಾಣಿಯನ್ನು ಕೂರಿಸಿ, ಅದು ಜಿಗಿಯದಂತೆ ಕೈಯನ್ನು ಸಮೀಪದಲ್ಲಿಯೇ ಇಟ್ಟುಕೊಂಡು ಅಂಕಿಯನ್ನು ಓದಬೇಕು. ಪ್ರತಿವಾರವೂ ಅದೇ ದಿನ, ಅದೇ ಹೊತ್ತಿನಲ್ಲಿ, ಮೇವು ಹಾಕುವುದಕ್ಕೆ ಮುಂಚೆ ತೂಗುವುದು ಲೇಸು. ಪ್ರಾಯಕ್ಕೆ ಬಂದ ಪ್ರಾಣಿ ಸಾಮಾನ್ಯವಾಗಿ 700ರಿಂದ 1200 ಗ್ರಾಂ ತೂಗುತ್ತದೆ. ತಿಂದ ಮೇವು, ಕುಡಿದ ನೀರುಗಳಿಂದ 20-30 ಗ್ರಾಂನಷ್ಟು ಏರಿಳಿತವಾದರೆ ಗಾಬರಿಪಡಬೇಕಾದುದಿಲ್ಲ. ಆದರೆ ಒಂದು ವಾರ ಇಳಿದ ತೂಕ ಮರುವಾರವೂ ಇಳಿದರೆ ವೈದ್ಯರನ್ನು ಕಾಣಬೇಕು. ದೇಹಭಾರದ ಹತ್ತನೆಯ ಒಂದು ಪಾಲು, ಎಂದರೆ 900 ಗ್ರಾಂನ ಪ್ರಾಣಿಯಲ್ಲಿ 90 ಗ್ರಾಂನಷ್ಟು, ಕಡಿಮೆಯಾಯಿತೆಂದರೆ ವಿಳಂಬಕ್ಕೆ ಎಡೆಯೇ ಇಲ್ಲ. ಬೆಳೆಯುವ ಮರಿಯ ತೂಕ ಏರದೆ ನಿಂತರೂ ಅದನ್ನು ಇಳಿದಂತೆಯೇ ಎಣಿಸಬೇಕು.

ಇಳಿಕೆಯ ಕಾರಣಗಳು ಹಲವು. ಈ ಪ್ರಾಣಿಯ ಹಲ್ಲುಗಳು ಜೀವಮಾನವೆಲ್ಲ ಬೆಳೆಯುತ್ತಲೇ ಇರುತ್ತವೆ. ನಾರುಳ್ಳ ಹುಲ್ಲನ್ನು ಸದಾ ಅಗಿಯದಿದ್ದರೆ ದವಡೆಹಲ್ಲುಗಳು ಸವೆಯದೆ ಓರೆಯಾಗಿ ಬೆಳೆದು ನಾಲಗೆಯನ್ನು ಬಂಧಿಸುವುದೂ ಉಂಟು. ಹಸಿವಿದ್ದೂ ತಿನ್ನಲಾರದೆ, ಬಟ್ಟಲಿನ ಬಳಿಗೆ ಬಂದು ಮೇವನ್ನು ಬಾಯಿಗೆ ತೆಗೆದುಕೊಂಡು ಮತ್ತೆ ಬೀಳಿಸುವ, ಗಲ್ಲವೆಲ್ಲ ಜೊಲ್ಲಿನಿಂದ ಒದ್ದೆಯಾದ ಪ್ರಾಣಿಯನ್ನು ಕಂಡರೆ ಹಲ್ಲಿನ ವಿಷಯವನ್ನೇ ಮೊದಲು ಶಂಕಿಸಬೇಕು. ಎರಡನೆಯದು ಸಿ ಜೀವಸತ್ವದ ಅಭಾವ. ಮನುಷ್ಯನಂತೆ ಗಿನಿಪಿಗ್ಗೂ ಈ ಸತ್ವವನ್ನು ತನ್ನ ದೇಹದಲ್ಲಿ ಉತ್ಪಾದಿಸಿಕೊಳ್ಳಲಾರದು. ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡರ್ ಫ್ರೋಲಿಕ್ ಎಂಬ ವಿದ್ವಾಂಸರು ಬರಿಯ ಧಾನ್ಯವನ್ನು ತಿನ್ನಿಸಿದ ಗಿನಿಪಿಗ್ಗುಗಳಲ್ಲಿ ನಾವಿಕರ ಸ್ಕರ್ವಿ ರೋಗವೇ ಉಂಟಾಗುವುದನ್ನು 1907ರಲ್ಲಿ ಪ್ರಕಟಪಡಿಸಿ, ಆ ರೋಗದ ಮೂಲವನ್ನು ಅರಿಯುವ ದಾರಿಯನ್ನು ತೆರೆದರು. ಮನುಷ್ಯಕುಲಕ್ಕೆ ಇಷ್ಟು ದೊಡ್ಡ ಉಪಕಾರವನ್ನು ತನ್ನ ಪ್ರಾಣವನ್ನೇ ತೆತ್ತು ಮಾಡಿದ ಜೀವಿ, ನಮ್ಮ ಮನೆಯಲ್ಲಿ ಅದೇ ರೋಗದಿಂದ ಸೊರಗುವಂತಾಗಬಾರದು. ಪೇರಲಹಣ್ಣಿನ ಒಂದು ಸಣ್ಣ ಹೋಳು, ದೊಣ್ಣೆಮೆಣಸಿನಕಾಯಿಯ ತುಂಡು, ಇವು ಆ ಕೊರತೆಯನ್ನು ನೀಗಿಸಬಲ್ಲವು. ಅಂಗಡಿಯಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಪೆಲೆಟ್ ಆಹಾರದಲ್ಲಿ ಆ ಸತ್ವ ಬಹುಮಟ್ಟಿಗೆ ನಶಿಸಿರುತ್ತದೆ. ಇವಲ್ಲದೆ ಮೂತ್ರಕೋಶದ ಕಲ್ಲು, ಶ್ವಾಸಕೋಶದ ಸೋಂಕು, ಚರ್ಮದೊಳಗೆ ಸೇರಿ ಕಾಡುವ ಹುಳುಗಳು, ಹೆಣ್ಣಿನಲ್ಲಿ ಅಂಡಾಶಯದ ಗುಳ್ಳೆಗಳು ಮೊದಲಾದುವೂ ತೂಕವನ್ನು ಇಳಿಸುತ್ತವೆ.

ನಮ್ಮ ಸೀಮೆಗೆ ವಿಶಿಷ್ಟವಾದ ಎರಡು ಸಂಕಟಗಳನ್ನು ಇಲ್ಲಿ ಹೇಳಬೇಕು. ಹಂಪಿಯ ಬಂಡೆಗಳು ಕಾದು, ಉಷ್ಣ 40 ಡಿಗ್ರಿಯನ್ನು ಮುಟ್ಟುವ ಬೇಸಗೆಯಲ್ಲಿ, 20 ಡಿಗ್ರಿಯ ಆಸುಪಾಸಿನ ಹವೆಯಲ್ಲಿ ಸುಖವಾಗಿರುವ ಈ ಪ್ರಾಣಿ ಮೇವನ್ನು ಬಿಟ್ಟು ಸೊರಗುವುದಷ್ಟೇ ಅಲ್ಲ, ತಾಪದಿಂದ ಸತ್ತೇಹೋಗಬಹುದು. ತಗಡಿನ ಸೂರಿನ ಕೆಳಗೆ ಗೂಡನ್ನಿಡದೆ, ಮನೆಯ ಅತ್ಯಂತ ತಂಪಾದ ಕೋಣೆಯನ್ನು ಅದಕ್ಕೆ ಕೊಡಬೇಕು. ಎರಡನೆಯದು ಹುಲ್ಲಿನದು. ಭತ್ತದ ಹುಲ್ಲು ಇಲ್ಲಿ ಹೇರಳವಾಗಿದ್ದರೂ ಅದರಲ್ಲಿ ಪೋಷಕಾಂಶ ಅತ್ಯಲ್ಪ. ಗರಿಕೆಯಂತಹ ಒಳ್ಳೆಯ ಹುಲ್ಲೇ ಇದರ ಮುಖ್ಯ ಆಹಾರವಾಗಬೇಕು. ಆದರೆ ಔಷಧ ಹೊಡೆದ ಗದ್ದೆಯ ಬದುವಿನಿಂದ ಕೊಯ್ದು ತಂದ ಗರಿಕೆ ಮೇವಲ್ಲ, ವಿಷ.

ತೂಕ ಇಳಿದುದು ಖಚಿತವಾದಾಗ ಹಿಕ್ಕೆಯನ್ನು ಗಮನಿಸಬೇಕು: ಅದು ಸಣ್ಣದಾಗಿ, ವಿರಳವಾದರೆ ಒಳಗಿನ ಕರುಳಿನ ಚಲನೆ ಕುಂಠಿತವಾಗುತ್ತಿದೆಯೆಂದು ಅರ್ಥ. ಇಡೀ ಒಂದು ದಿನ ಏನನ್ನೂ ತಿನ್ನದ ಗಿನಿಪಿಗ್ಗು ಮರಣದ ಸಮೀಪದಲ್ಲಿದೆ; "ನಾಳೆ ನೋಡೋಣ" ಎಂಬ ಮಾತಿಗೆ ಅಲ್ಲಿ ಸ್ಥಳವಿಲ್ಲ. ಹೊಟ್ಟೆ ಉಬ್ಬರಿಸಿಲ್ಲವೆಂದು ವೈದ್ಯರಿಂದ ತಿಳಿದುಕೊಂಡ ಮೇಲೆ, ಪೆಲೆಟ್ಟನ್ನು ನೀರಿನಲ್ಲಿ ನೆನೆಸಿ ನುಣ್ಣಗೆ ಕಲಸಿ, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಪಕ್ಕದಲ್ಲಿ ಸ್ವಲ್ಪಸ್ವಲ್ಪವಾಗಿ, ನುಂಗಲು ಅವಕಾಶ ಕೊಡುತ್ತ ಉಣ್ಣಿಸಬಹುದು. ಮನೆಯಲ್ಲಿ ಉಳಿದಿರುವ ಮನುಷ್ಯರ ಮಾತ್ರೆಗಳನ್ನು ಮಾತ್ರ ಎಂದಿಗೂ ಕೊಡಕೂಡದು. ನಮಗೆ ಹಿತವಾದ ಪೆನಿಸಿಲಿನ್, ಅಮಾಕ್ಸಿಸಿಲಿನ್ ವರ್ಗದ ಔಷಧಗಳನ್ನು ಬಾಯಿಯ ಮೂಲಕ ಕೊಟ್ಟರೆ, ಜೀರ್ಣಕ್ಕೆ ಆಧಾರವಾದ ಕರುಳಿನ ಸೂಕ್ಷ್ಮಜೀವಿಗಳು ನಾಶವಾಗಿ ಪ್ರಾಣಿ ಸಾಯಬಹುದು.

ಇದೆಲ್ಲವೂ ಮಕ್ಕಳಿಗೆ ಮರಿಯನ್ನು ಕೊಳ್ಳುವ ತಂದೆತಾಯಿಗಳಿಗೆ ಕೊಳ್ಳುವ ದಿನವೇ ತಿಳಿಯಬೇಡವೇ? 2018ರ ಸಾಕುಪ್ರಾಣಿ ಅಂಗಡಿಗಳ ನಿಯಮಾವಳಿ ಅಂಗಡಿಗಳಿಗೆ ನೋಂದಣಿಯನ್ನು ಕಡ್ಡಾಯಗೊಳಿಸಿದೆ. ಅದಕ್ಕೆ ಪೂರಕವಾಗಿ, ಮಾರುವ ದಿನದ ತೂಕವನ್ನು ಮೊದಲ ಸಾಲಿನಲ್ಲಿ ಬರೆದ ಒಂದು ಚಿಕ್ಕ ಪುಸ್ತಿಕೆಯನ್ನು, ಮೇಲೆ ಹೇಳಿದ ಎಚ್ಚರಿಕೆಗಳೊಡನೆ, ಕನ್ನಡದಲ್ಲಿ ಮುದ್ರಿಸಿ ಪ್ರತಿಯೊಂದು ಮರಿಯೊಡನೆಯೂ ಕೊಡಬೇಕೆಂದು ಸರಕಾರ ವಿಧಿಸಲಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ತಾಲ್ಲೂಕು ಆಸ್ಪತ್ರೆಗಳ ವೈದ್ಯರಿಗೆ ಇಂತಹ ಅಲ್ಪಪ್ರಾಣಿಗಳ ಚಿಕಿತ್ಸೆಯಲ್ಲಿ ಕಿರು ತರಬೇತಿಯನ್ನು ನೀಡಲಿ. 12ನೆಯ ಶತಮಾನದಷ್ಟು ಹಿಂದೆಯೇ ಚಾಲುಕ್ಯ ರಾಜಪುತ್ರ ಕೀರ್ತಿವರ್ಮನಿಂದ ಗೋವೈದ್ಯವೆಂಬ ಗ್ರಂಥವನ್ನು ಪಡೆದ ಕನ್ನಡನಾಡಿಗೆ ಇದು ಎಟುಕದ ಕೆಲಸವಲ್ಲ.

ಅಲ್ಲಿಯವರೆಗೂ ಕಾಯದೆ ಮಾಡಬಹುದಾದುದು ಪ್ರತಿಯೊಬ್ಬರ ಕೈಯಲ್ಲಿಯೂ ಇದೆ. ವಾರದ ತೂಕವನ್ನು ಬರೆದಿಡುವ ಹೊಣೆಯನ್ನು ಮಗುವಿಗೇ ಒಪ್ಪಿಸಿ, ಹಿರಿಯರು ಅದನ್ನು ತಪ್ಪದೆ ಪರೀಕ್ಷಿಸುವುದಾದರೆ, ಆ ಮಗು ಪ್ರೀತಿಯೆಂಬುದರಲ್ಲಿ ಎಚ್ಚರವೂ ಸೇರಿದೆಯೆಂಬುದನ್ನು ಬಾಲ್ಯದಲ್ಲಿಯೇ ಕಲಿಯುತ್ತದೆ. ಅಷ್ಟು ಮಾಡಲು ಮನಸ್ಸಿಲ್ಲದವರು ಈ ಪ್ರಾಣಿಯನ್ನು ಕೊಳ್ಳದಿರುವುದೇ ಅದಕ್ಕೆ ತೋರುವ ದಯೆ.