ಮುಖ, ಹೆಸರು, ಸಮ್ಮತಿ: ಸುನಿಲ್ ಗುಪ್ತಾ ಅವರ ಛಾಯಾಚಿತ್ರಗಳು ಮತ್ತು ನಮ್ಮ ಕ್ಷೇತ್ರಕಾರ್ಯ

ಕನ್ನಡ ಸಂಶೋಧನೆಯು ಛಾಯಾಚಿತ್ರವನ್ನು ದಾಖಲೆಯೆಂದು ಬಳಸಿಕೊಂಡಷ್ಟು ಪಠ್ಯವೆಂದು ಓದಿಲ್ಲ. ಕ್ಷೇತ್ರಕಾರ್ಯದ ಚಿತ್ರಗಳನ್ನು ಪ್ರಬಂಧದ ಅನುಬಂಧಕ್ಕೆ ಸೇರಿಸುವ ನಾವು, ಅವುಗಳಲ್ಲಿ ಯಾರಿಗೆ ಹೆಸರಿದೆ, ಯಾರು ಕೇವಲ ಮಾದರಿಯಾಗಿ ನಿಂತಿದ್ದಾರೆ ಎಂದು ಕೇಳುವುದು ಅಪರೂಪ. ಈ ಪ್ರಶ್ನೆಯನ್ನು ಎದುರಿಸಲು ಸುನಿಲ್ ಗುಪ್ತಾ ಅವರ ಕಲಾಜೀವನದ ಅಧ್ಯಯನ ನೆರವಾಗಬಲ್ಲದು.

1953ರಲ್ಲಿ ದೆಹಲಿಯಲ್ಲಿ ಜನಿಸಿ, ಹದಿಹರೆಯದಲ್ಲಿ ಕುಟುಂಬದೊಡನೆ ಕೆನಡಾಕ್ಕೆ ತೆರಳಿದ ಗುಪ್ತಾ, ವಾಣಿಜ್ಯಾಡಳಿತದ ವ್ಯಾಸಂಗಕ್ಕೆಂದು ನ್ಯೂಯಾರ್ಕಿಗೆ ಹೋಗಿ, ಅದನ್ನು ತೊರೆದು ಕ್ಯಾಮೆರಾ ಹಿಡಿದರು. 1976ರ ‘ಕ್ರಿಸ್ಟಫರ್ ಸ್ಟ್ರೀಟ್’ ಮಾಲಿಕೆಯಲ್ಲಿ ಸಲಿಂಗಪ್ರೇಮಿ ಗಂಡಸರು ಹಾಡುಹಗಲಲ್ಲಿ ಬೀದಿಯಲ್ಲಿ ನಡೆಯುತ್ತಾರೆ. ದಶಕದ ತರುವಾಯ ದೆಹಲಿಯಲ್ಲಿ ರೂಪುಗೊಂಡ ‘ಎಕ್ಸೈಲ್ಸ್’ (1986-87) ಮಾಲಿಕೆಯಲ್ಲಿ ಆ ನಿರಾಳತೆಯಿಲ್ಲ. ಇಂಡಿಯಾ ಗೇಟ್, ಹುಮಾಯೂನನ ಸಮಾಧಿಯಂತಹ ಸುಪರಿಚಿತ ತಾಣಗಳಲ್ಲಿ ನಿಂತವರಲ್ಲಿ ಹಲವರ ಮುಖ ಕಾಣದು. ಚಿತ್ರದೊಡನೆ ಮಾತುಗಳಿವೆ, ಹೆಸರುಗಳಿಲ್ಲ. 2007ರಲ್ಲಿ ಆರಂಭವಾದ ‘ಮಿಸ್ಟರ್ ಮಲ್ಹೋತ್ರಾಸ್ ಪಾರ್ಟಿ’ಯಲ್ಲಾದರೋ ಜನ ಕ್ಯಾಮೆರಾವನ್ನು ನೇರವಾಗಿ ನೋಡುತ್ತಾರೆ, ಅವರ ಸ್ವಂತ ಹೆಸರೇ ಚಿತ್ರದ ಶೀರ್ಷಿಕೆ. ಕಲ್ಪಿತ ಆತಿಥೇಯನ ಹೆಸರಿನಲ್ಲಿ ಗುಟ್ಟಾಗಿ ಕೂಟ ಸೇರುತ್ತಿದ್ದ ರೂಢಿಗೆ ಈ ಮಾಲಿಕೆಯ ಹೆಸರು ವ್ಯಂಗ್ಯದ ಉತ್ತರ.

ಇದನ್ನು ಕತ್ತಲಿನಿಂದ ಬೆಳಕಿಗೆ ಬಂದ ಸರಳ ಕಥನವಾಗಿ ಓದುವುದು ತಪ್ಪು. 377ನೆಯ ಕಲಮಿನ ವಿಷಯದಲ್ಲಿ ದೆಹಲಿ ಉಚ್ಚ ನ್ಯಾಯಾಲಯ 2009ರಲ್ಲಿ ನೀಡಿದ ಬಿಡುಗಡೆಯನ್ನು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹಿಂತೆಗೆದುಕೊಂಡು, 2018ರಲ್ಲಿ ಮರಳಿ ನೀಡಿತು. ಅಂದರೆ ಆ ಮುಖಗಳು ಕಾನೂನಿಗಾಗಿ ಕಾಯಲಿಲ್ಲ. ಹಾಗೆಯೇ ‘ಎಕ್ಸೈಲ್ಸ್’ನ ಮರೆಸಿದ ಮುಖ ಕೇವಲ ಭಯದ ಗುರುತಲ್ಲ, ಎಷ್ಟು ಕಾಣಿಸಿಕೊಳ್ಳಬೇಕೆಂಬ ತೀರ್ಮಾನಕ್ಕೆ ಕಲಾವಿದ ಕೊಟ್ಟ ಮನ್ನಣೆ.

ದೆಹಲಿ, ಲಂಡನ್ನುಗಳ ಈ ಚರ್ಚೆ ಧಾರವಾಡಕ್ಕೇಕೆ ಎಂಬ ಆಕ್ಷೇಪ ಬರಬಹುದು. ಸವದತ್ತಿಯ ಎಲ್ಲಮ್ಮನ ಗುಡ್ಡ ನಮಗೆ ದೂರವಿಲ್ಲ. ಜೋಗಪ್ಪಗಳ ಅನನ್ಯತೆ ಆರಾಧನಾ ಪರಂಪರೆಯಲ್ಲಿ ಬೇರೂರಿದೆ. ಅದನ್ನು ಪಾಶ್ಚಾತ್ಯ ಪರಿಕಲ್ಪನೆಗಳೊಡನೆ ಸಮೀಕರಿಸಲಾಗದು. ಆದರೆ ಕ್ಯಾಮೆರಾದ ಯಜಮಾನಿಕೆ ಎರಡೂ ಕಡೆ ಒಂದೇ. ಚೌಡಿಕೆಯ ಪದ ದಾಖಲಾಗಿ, ಹಾಡಿದವರು ‘ಒಬ್ಬ ಜೋಗಪ್ಪ’ ಎಂದಷ್ಟೇ ಉಳಿದರೆ ನಾವು ಸಂಗ್ರಹಿಸಿದ್ದು ಯಾರ ಸಂಸ್ಕೃತಿಯನ್ನು?

ಎ. ರೇವತಿ ಅವರ ‘ಬದುಕು ಬಯಲು’, ಮಂಜಮ್ಮ ಜೋಗತಿ ಅವರ ‘ನಡುವೆ ಸುಳಿವ ಹೆಣ್ಣು’ ಕೃತಿಗಳು ಕನ್ನಡ ಓದುಗರ ಮುಂದೆ ಈ ಬದುಕುಗಳನ್ನು ಹೆಸರು ಸಮೇತ ನಿಲ್ಲಿಸಿವೆ. ಆತ್ಮಕಥನಕ್ಕೆ ನಾವು ಕೊಟ್ಟ ಗೌರವ ಛಾಯಾಚಿತ್ರಕ್ಕೂ ಸಲ್ಲಬೇಕು. ಚಿತ್ರದಲ್ಲಿರುವವರು ಯಾವ ಹೆಸರಿನಿಂದ, ಯಾವ ಲಿಂಗಸೂಚಕದಿಂದ ಗುರುತಿಸಿಕೊಳ್ಳಬಯಸುತ್ತಾರೆ, ಮುಖ ಪ್ರಕಟವಾಗಲು ಒಪ್ಪಿದ್ದಾರೆಯೇ, ಮುಂದೆ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲು ಅವಕಾಶವಿದೆಯೇ ಎಂಬುದನ್ನು ಚಿತ್ರದೊಡನೆಯೇ ದಾಖಲಿಸುವುದು ಕ್ಷೇತ್ರಕಾರ್ಯದ ನಿಯಮವಾಗಬೇಕು. ಇದು ಸೌಜನ್ಯದ ಮಾತು ಮಾತ್ರವಲ್ಲ. ಸಂಶೋಧನೆಯ ಪ್ರಾಮಾಣ್ಯದ ಪ್ರಶ್ನೆಯೂ ಹೌದು.