ಹೋದ ಕೂಸುಗಳ ಮಾತನ್ನು ಆಡೋಣ



ನಮ್ಮ ಮನೆತನಗಳಲ್ಲಿ ಒಂದು ಮೌನವಿದೆ. ಹಸುಗೂಸಾಗಿದ್ದಾಗಲೇ ತೀರಿಕೊಂಡ ಮಕ್ಕಳ ಮಾತನ್ನು ಯಾರೂ ಎತ್ತುವುದಿಲ್ಲ. ಬಸುರಿಯ ಮುಂದಂತೂ ಎತ್ತಲೇಬಾರದೆಂಬುದು ಹಿರಿಯರ ಕಟ್ಟಪ್ಪಣೆ. "ಋಣ ಅಷ್ಟೇ ಇತ್ತು" ಎಂದು ಮಾತು ಮುಗಿಸುತ್ತಾರೆ. ಆ ಮೌನದ ಹಿಂದಿನ ನೋವನ್ನು ನಾನು ಬಲ್ಲೆ. ಆದರೂ ಅದನ್ನು ಮುರಿಯಬೇಕೆಂಬುದು ನನ್ನ ಅಭಿಪ್ರಾಯ.

ಕೆಲವು ಮಕ್ಕಳು ರೋಗನಿರೋಧಕ ಶಕ್ತಿಯಿಲ್ಲದೆಯೇ ಹುಟ್ಟುತ್ತವೆ. ಇದರ ಅತ್ಯಂತ ತೀವ್ರ ರೂಪಕ್ಕೆ ವೈದ್ಯರು 'ಸ್ಕಿಡ್' ಎನ್ನುತ್ತಾರೆ. ಹುಟ್ಟಿದಾಗ ಕೂಸು ಆರೋಗ್ಯವಾಗಿಯೇ ಕಾಣುತ್ತದೆ. ಕೆಲವೇ ತಿಂಗಳಲ್ಲಿ ನಿಲ್ಲದ ಭೇದಿ, ಮರುಕಳಿಸುವ ನ್ಯುಮೋನಿಯ ಕಾಡತೊಡಗುತ್ತವೆ, ತೂಕ ಏರುವುದಿಲ್ಲ. ಚಿಕಿತ್ಸೆ ದೊರೆಯದಿದ್ದರೆ ಬಹುಪಾಲು ಮಕ್ಕಳು ಎರಡು ವರ್ಷ ತುಂಬುವ ಮೊದಲೇ ಸಾಯುತ್ತವೆ. ಆರೋಗ್ಯವಂತರ ಅಸ್ಥಿಮಜ್ಜೆಯ ಆಕರಕೋಶಗಳನ್ನು ರಕ್ತನಾಳದ ಮೂಲಕ ಮಗುವಿಗೆ ನೀಡುವುದೇ ಇದಕ್ಕೆ ಮುಖ್ಯ ಚಿಕಿತ್ಸೆ. ಅವು ಮಗುವಿನ ಮೂಳೆಗಳೊಳಗೆ ನೆಲೆಸಿ, ರೋಗದೊಡನೆ ಹೋರಾಡುವ ಕಣಗಳನ್ನು ಹುಟ್ಟಿಸುತ್ತವೆ.

1968ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ರಾಬರ್ಟ್ ಗುಡ್ ಅವರ ತಂಡ ಐದು ತಿಂಗಳ ಗಂಡುಕೂಸಿಗೆ ಅದರ ಅಕ್ಕನ ಮಜ್ಜೆಯನ್ನು ನೀಡಿ ಮೊದಲ ಬಾರಿಗೆ ಯಶಸ್ಸು ಕಂಡಿತು. ಆ ಕುಟುಂಬದಲ್ಲಿ ಅದಕ್ಕೆ ಮೊದಲೇ ಹಲವು ಗಂಡುಕೂಸುಗಳು ತೀರಿಕೊಂಡಿದ್ದವು. 1971ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿದ ಡೇವಿಡ್ ವೆಟರ್‌ನ ಅಣ್ಣನೂ ಇದೇ ಕಾಯಿಲೆಯಿಂದ ಶೈಶವದಲ್ಲೇ ಸತ್ತಿದ್ದ. ಆದುದರಿಂದ ಡೇವಿಡ್‌ನನ್ನು ಹುಟ್ಟಿದ ಕ್ಷಣದಿಂದಲೇ ಪ್ಲಾಸ್ಟಿಕ್ ಗೂಡಿನೊಳಗೆ ಕಾಪಾಡಿದರು. ಪೂರ್ಣವಾಗಿ ಹೊಂದುವ ದಾನಿ ಸಿಗಲಿಲ್ಲ. 1983ರಲ್ಲಿ ಅಕ್ಕನ ಮಜ್ಜೆ ನೀಡಿದರು. ಅದರಲ್ಲಿ ಅಡಗಿದ್ದ ವೈರಾಣುವಿನಿಂದ 1984ರಲ್ಲಿ, ಹನ್ನೆರಡನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡ. ಆ ಬದುಕು ನೆನೆದರೆ ಕರುಳು ಚುರುಕ್ಕೆನ್ನುತ್ತದೆ.

ಅಂದಿನಿಂದ ವೈದ್ಯಶಾಸ್ತ್ರ ಬಹುದೂರ ಸಾಗಿದೆ. 2000ದಿಂದ 2009ರವರೆಗೆ ಕಸಿ ಪಡೆದ 240 ಶಿಶುಗಳ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಮೂರೂವರೆ ತಿಂಗಳೊಳಗೆ ಕಸಿ ಪಡೆದವರಲ್ಲಿ ಶೇಕಡಾ 94ರಷ್ಟು ಮಕ್ಕಳು ಐದು ವರ್ಷಗಳ ನಂತರವೂ ಬದುಕಿದ್ದರು. ಆ ವಯಸ್ಸು ದಾಟಿ, ಸೋಂಕು ಹತ್ತಿರುವಾಗಲೇ ಕಸಿಯಾದವರಲ್ಲಿ ಉಳಿದವರು ಶೇಕಡಾ 50 ಮಾತ್ರ. ಬೇಗನೆ ಗುರುತಿಸುವುದೇ ಅರ್ಧ ಚಿಕಿತ್ಸೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ? 2008ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ನವಜಾತ ಶಿಶುಗಳ ಒಣಗಿದ ರಕ್ತದ ಹನಿಯಿಂದ ಈ ಪರೀಕ್ಷೆ ಆರಂಭವಾಯಿತು. 2018ರ ವೇಳೆಗೆ ಅಮೆರಿಕದ ಎಲ್ಲ ರಾಜ್ಯಗಳಿಗೂ ಹಬ್ಬಿತು.

ನಮ್ಮಲ್ಲಿ ಪ್ರತಿ ಶಿಶುವಿಗೂ ಈ ಪರೀಕ್ಷೆ ನಡೆಯುವುದಿಲ್ಲ. ನಡೆಯಬೇಕೆಂದು ಒತ್ತಾಯಿಸೋಣ. 2021ರ ರಾಷ್ಟ್ರೀಯ ವಿರಳ ಕಾಯಿಲೆಗಳ ನೀತಿಯಲ್ಲಿ ಸ್ಕಿಡ್ ಸೇರಿದೆ. ಕಸಿಗೆ ನೆರವೂ ಉಂಟು. ಆದರೆ ಗುರುತಿಸದ ಮಗುವಿಗೆ ನೆರವು ತಲುಪುವುದೆಂತು? ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಮನೆತನದ ನೆನಪೊಂದೇ. ಈ ಕಾಯಿಲೆಯ ಒಂದು ಬಗೆ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಮತ್ತೆ ಕೆಲವು ಬಗೆಗಳ ಸಂಭವ ನಮ್ಮಲ್ಲಿ ರೂಢಿಯಲ್ಲಿರುವ ಸೋದರಸಂಬಂಧದ ಮದುವೆಗಳಲ್ಲಿ ಹೆಚ್ಚು. ಹುಟ್ಟಿದೊಡನೆ ಕೊಡುವ ಬಿ.ಸಿ.ಜಿ. ಜೀವಂತ ರೋಗಾಣುವಿನ ಲಸಿಕೆ. ಎಲ್ಲರಿಗೂ ರಕ್ಷೆಯಾದ ಅದು ಇಂಥ ಮಗುವಿಗೆ ಕುತ್ತಾಗಬಹುದು. ಲಸಿಕೆ ಬೇಡವೆಂದು ನಾನು ಹೇಳುತ್ತಿಲ್ಲ. ಮನೆಯ ಚರಿತ್ರೆಯನ್ನು ವೈದ್ಯರಿಗೆ ಮೊದಲೇ ತಿಳಿಸಿ, ಅವರು ಹೇಳಿದಂತೆ ನಡೆಯಿರಿ ಎನ್ನುತ್ತಿದ್ದೇನೆ.

ನಿಮ್ಮಲ್ಲಿ ಅನೇಕರು ಈಗ ಅಜ್ಜ-ಅಜ್ಜಿಯರಾಗುತ್ತಿದ್ದೀರಿ. ಮನೆಯ ಹಿರಿಯರನ್ನು ಕೇಳಿ, ಎಷ್ಟು ಕೂಸುಗಳು ಹೋದವು, ಯಾವ ತಿಂಗಳಲ್ಲಿ, ಏನಾಗಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಬಸುರಿಯ ತಪಾಸಣೆಗೆ ಹೋಗುವಾಗ ಅದನ್ನು ಒಯ್ಯಿರಿ. ಅದರಲ್ಲಿ ಅಪಶಕುನವೇನೂ ಇಲ್ಲ.