ಗೃಹಸ್ಥರ ವಿಚಾರ: ಊರು ಬೆಳೆಯುವ ಕಾಲ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ನಮ್ಮನ್ನು ಎಚ್ಚರಿಸಿರುವರು. ಊರು ಕಟ್ಟಿ ನೋಡು ಎಂದು ಮಾತ್ರ ಯಾರೂ ಹೇಳಿದಂತಿಲ್ಲ. ಊರು ತನ್ನಷ್ಟಕ್ಕೆ ತಾನೇ ಬೆಳೆಯುವುದೆಂಬ ಭಾವನೆಯು ನಮ್ಮಲ್ಲಿ ಅಷ್ಟು ದೃಢವಾಗಿ ನೆಲಸಿದೆ. ಇದರಿಂದ ಗೃಹಸ್ಥರಿಗೆ ಒದಗುವ ನಷ್ಟವು ಅಲ್ಪವಲ್ಲ. ಈ ವಿಷಯವನ್ನು ಕಮಲಾಪುರದ ನಿದರ್ಶನದಿಂದ ವಾಚಕರಲ್ಲಿ ಅರಿಕೆಮಾಡಬಯಸುವೆವು.

ಕಮಲಾಪುರವು ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಸುಮಾರು ೩೫ ಕಿಲೋಮೀಟರು ದೂರದಲ್ಲಿರುವುದು. ಇಲ್ಲಿಯ ಕೆಂಪು ಬಾಳೆಯು ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದ ಹಣ್ಣು. ೨೦೧೭ರಲ್ಲಿ ಬೀದರ–ಕಲಬುರಗಿ ರೈಲುಮಾರ್ಗವು ತೆರೆದು, ಈ ಊರಿಗೂ ನಿಲ್ದಾಣವಾಯಿತು. ೨೦೧೮ರಲ್ಲಿ ಊರು ತಾಲೂಕಿನ ಕೇಂದ್ರವಾಯಿತು. ಕಚೇರಿ ಬಂದಲ್ಲಿಗೆ ನೌಕರರು ಬರುವರು. ಅವರ ಹಿಂದೆ ಅಂಗಡಿ, ಬಾಡಿಗೆಮನೆ, ಶಾಲೆಯ ಮಕ್ಕಳು ಬರುವರು. ಆಗ ಎಕರೆಯ ಲೆಕ್ಕದಲ್ಲಿದ್ದ ಹೊಲವು ಚದರಡಿಯ ಲೆಕ್ಕಕ್ಕೆ ಇಳಿಯುವುದು. ಇಂಥ ಊರಿಗೆ ಯೋಜನೆ ಬೇಕಾದುದು ಈ ಹೊತ್ತಿನಲ್ಲಿಯೇ; ಮನೆಗಳೆದ್ದ ಮೇಲಲ್ಲ.

ತಡವಾದರೆ ಏನಾಗುವುದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಭೀಮಾ ಮತ್ತು ಬೆಣ್ಣೆತೊರೆಗಳ ನೀರನ್ನು ಕುಡಿಯುವ ಕಲಬುರಗಿಯ ಕೆಲವು ಬಡಾವಣೆಗಳಲ್ಲಿ, ೨೦೦೮ರ ಸುಮಾರಿಗೆ, ವಿಶ್ವಬ್ಯಾಂಕಿನ ನೆರವಿನಿಂದ ಹಗಲಿರುಳು ನಳದ ನೀರು ಕೊಡುವ ಪ್ರಯೋಗವು ನಡೆಯಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿಗಳಲ್ಲಿಯೂ ಹಾಗೆಯೇ ಆಯಿತು. ಇದು ಹಳೆಯ ಕೊಳವೆಗಳಿಂದ ಸಾಧ್ಯವಾಗಲಿಲ್ಲ. ಹೊಸ ಕೊಳವೆಗಳನ್ನೇ ಹೂಳಬೇಕಾಯಿತು. ಜನವಸತಿ ತುಂಬಿದ ಬೀದಿಯನ್ನು ಅಗೆಯುವುದಕ್ಕೂ ಬರಿಯ ಬಯಲಿನಲ್ಲಿ ಅಗೆಯುವುದಕ್ಕೂ ಖರ್ಚಿನಲ್ಲಿಯೂ ತೊಂದರೆಯಲ್ಲಿಯೂ ಎಷ್ಟು ಅಂತರವೆಂಬುದನ್ನು ಯಾರೂ ಊಹಿಸಬಲ್ಲರು.

ಒಂದು ಸಣ್ಣ ಲೆಕ್ಕವನ್ನು ನೋಡೋಣ. ೨೦೧೯ರ ಜಲಜೀವನ ಯೋಜನೆಯು ಹಳ್ಳಿಯ ಪ್ರತಿಯೊಬ್ಬರಿಗೆ ದಿನಕ್ಕೆ ೫೫ ಲೀಟರು ನೀರನ್ನು ಗೊತ್ತುಮಾಡಿರುವುದು. ಮನೆಗೆ ಐವರಂತೆ ೨೦೦ ಮನೆಗಳ ಬಡಾವಣೆಗೆ ದಿನವೊಂದಕ್ಕೆ ೫೫,೦೦೦ ಲೀಟರು ಬೇಕು. ನೀರು ಬಂದಿತೆಂದು ಸಂತೋಷಪಟ್ಟರೆ ಸಾಲದು. ಅದರ ಬಹುಭಾಗವು ಬಚ್ಚಲಿನಿಂದ ಹೊರಬೀಳಲೇಬೇಕು. ಈ ಸೀಮೆಯಲ್ಲಿ ಹೇರಳವಾಗಿರುವ ಎರೆಮಣ್ಣು ನೀರನ್ನು ಬೇಗನೆ ಇಂಗಿಸುವುದಿಲ್ಲ. ನೆನೆದರೆ ಉಬ್ಬುವುದು, ಒಣಗಿದರೆ ಬಿರಿಯುವುದು. ಚರಂಡಿಯಿಲ್ಲದ ಓಣಿಯಲ್ಲಿ ನಿಂತ ನೀರು ಸೊಳ್ಳೆಯನ್ನು ಸಾಕುವುದಲ್ಲದೆ ಸಾಲಮಾಡಿ ಎಬ್ಬಿಸಿದ ಗೋಡೆಯ ಬುನಾದಿಯನ್ನೂ ಕೆಡಿಸುವುದು.

ಆದರೂ ಚರಂಡಿಯನ್ನೂ ಕೊಳವೆಯನ್ನೂ ಹಣ ಸುರಿದು ಮುಂದೆ ಮಾಡಿಕೊಳ್ಳಬಹುದು. ಅಂಗನವಾಡಿ, ಶಾಲೆ, ಆಸ್ಪತ್ರೆ, ಮಕ್ಕಳ ಬಯಲು, ರುದ್ರಭೂಮಿ ಇವುಗಳ ನೆಲವು ಒಮ್ಮೆ ಮಾರಿಹೋದರೆ ಮರಳಿ ದೊರೆಯುವುದು ದುರ್ಲಭ. ೧೮೯೮ರ ಪ್ಲೇಗಿನ ಪೆಟ್ಟು ತಿಂದ ಬೆಂಗಳೂರು ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ಬೀದಿಗಳನ್ನೂ ತೆರೆದ ಸ್ಥಳಗಳನ್ನೂ ಬಿಟ್ಟು ಮನೆಗಳಿಗೆ ಎಡೆಮಾಡಿತು. ಆ ವಿವೇಕವನ್ನು ಕಲಿಯಲು ನಮಗೂ ಒಂದು ಮಹಾಮಾರಿಯು ಬರಬೇಕೇ?

ಇದೆಲ್ಲವೂ ಸರಕಾರದ ಕೆಲಸ, ನಮ್ಮಿಂದೇನಾಗುವುದು ಎಂದು ಕೆಲವರು ಕೇಳಬಹುದು. ನಿವೇಶನವನ್ನು ಕೊಳ್ಳುವವರು ನಾವೇ ಅಲ್ಲವೇ? ಮುಂಗಡ ಕೊಡುವ ಮೊದಲು ಕೇಳತಕ್ಕ ಮಾತುಗಳು ಇವು: ೧೯೬೪ರ ಭೂಕಂದಾಯ ಕಾಯದೆಯಂತೆ ಹೊಲವು ಬೇಸಾಯೇತರ ಉಪಯೋಗಕ್ಕೆ ಪರಿವರ್ತಿತವಾಗಿದೆಯೇ? ಬಡಾವಣೆಯ ನಕ್ಷೆಗೆ ಒಪ್ಪಿಗೆಯಾಗಿದೆಯೇ? ಉದ್ಯಾನಕ್ಕೂ ಸಾರ್ವಜನಿಕ ಉಪಯೋಗಕ್ಕೂ ಬಿಟ್ಟ ಸ್ಥಳವೆಲ್ಲಿ? ಚರಂಡಿಯು ಎಲ್ಲಿಂದ ಹೊರಟು ಎಲ್ಲಿ ಮುಗಿಯುವುದು? ನಕ್ಷೆಯನ್ನು ಕೈಯಲ್ಲಿ ಹಿಡಿದು ನೆಲದ ಮೇಲೆ ನಡೆದು ನೋಡಬೇಕು. ಮನೆಯ ಹೆಣ್ಣುಮಕ್ಕಳನ್ನೂ ಕರೆದೊಯ್ಯಬೇಕು. ನೀರಿಲ್ಲದ ದಿನ ಕೊಡ ಹೊರುವವರು ಅವರು, ಅವರ ಕಣ್ಣಿಗೆ ಬೀಳುವ ಕೊರತೆಯು ನಮಗೆ ಬೀಳಲಾರದು.

ಇವನ್ನು ಬಿಟ್ಟುದರಿಂದಲೇ ಕೆಲವು ನಿವೇಶನಗಳು ಅಗ್ಗವಾಗಿರುವುವು. ಆ ಉಳಿತಾಯವು ಟ್ಯಾಂಕರಿನ ನೀರಿಗೂ ವೈದ್ಯರ ಶುಲ್ಕಕ್ಕೂ ವರ್ಷವರ್ಷವೂ ಕರಗಿಹೋಗುವುದು. ಒಬ್ಬರು ಕೇಳಿದರೆ ಮಾರುವವನು ನಕ್ಕಾನು. ಹತ್ತು ಮಂದಿ ಕೇಳಿದರೆ ನಕ್ಷೆಯನ್ನು ತಿದ್ದಿಸಿಕೊಂಡು ಬಂದಾನು. ಕಮಲಾಪುರದಂಥ ಊರುಗಳಲ್ಲಿ ಇನ್ನೂ ಬಯಲಿರುವುದು. ಬಯಲಿರುವಾಗಲೇ ಗೃಹಸ್ಥರು ಒಂದುಗೂಡಿ ಕೇಳುವರೆಂದು ಆಶಿಸುವೆವು.